ಕೆಳಗೆ ಅಂದರೆ ಎಲ್ಲಿ

ಮಾರ್ಚ್ ೪, ಬೆಳಿಗ್ಗೆ

ಮತ್ತೆ ಅದೇ ಕನಸು. ದಿಂಬಿನ ಕವರ್ ಹೊಲಿಯುತ್ತಿದ್ದೇನೆ. ಬಾಯಿ ಬಿಡಬೇಕಾದ ಕಡೆಯೂ ಹೊಲಿದುಬಿಟ್ಟೆ. ಒಳಗೆ ಏನೋ ಮಿಸುಕುತ್ತಿತ್ತು. ಬಿಚ್ಚೋಣವೆಂದರೆ ಕತ್ತರಿ ಇನ್ಯಾರದೋ ಕೈಯಲ್ಲಿ.

ನಮ್ಮವರಿಗೆ ಹೇಳಿದೆ. "ನಿದ್ದೇಲೂ ಓವರ್‌ಟೈಮ್ ಮಾಡ್ತೀಯಲ್ಲೇ" ಎಂದರು. ಮದುವೆಯಾದಾಗಿನಿಂದ ಹತ್ತಿರ ಬಂದರೆ ನನಗೆ ಉರಿ. ದೂರ ಮಲಗುತ್ತಾರೆ. ಒಂದು ದಿನವೂ ಬೈದವರಲ್ಲ. ಅದೇ ಭಯ.

ಮಾರ್ಚ್ ೫

ಗಾರ್ಮೆಂಟ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಅಂಗಿಗೆ ಗುಂಡಿ ಹಾಕುವುದು ಬಿಟ್ಟು ಗಳಿಗೆಗೊಮ್ಮೆ ಎದ್ದೆ. ಪಕ್ಕದ ಮೆಷಿನ್ನಿನವಳು, "ಏನೇ, ಸ್ಟೂಲಿಗೆ ಬೆಂಕಿ ಹಚ್ಚಿದಾರಾ?" ಎಲ್ಲರೂ ನಕ್ಕರು. ನಾನೂ ನಕ್ಕೆ.

ರಜೆ ಕೇಳಿದೆ. ಯಾಕೆ ಎಂದರು ಸೂಪರ್‌ವೈಸರ್ ಮೇಡಂ. ಕೆಳಗಿನ ಆಪರೇಷನ್ ಆಗಬಹುದು ಎಂದೆ. "ಅಯ್ಯೋ, ಈ ವಯಸ್ಸಿಗೇ?"

ಯಾಕೆ ಹಾಗೆಂದರೋ... ತಲೆಯೊಳಗೆ ಹುಳ ಬಿಟ್ಟಂತಾಯಿತು.

ಮಾರ್ಚ್ ೯

ದೊಡ್ಡ ಡಾಕ್ಟರಮ್ಮ ಹತ್ತಿಕಡ್ಡಿ ಮುಟ್ಟಿಸಿ ನೋಡಿದರು. ಹತ್ತಿಯೇ, ಆದರೂ ಕೆಂಡ. ಮುಲಾಮು, ಮಾತ್ರೆ, ವ್ಯಾಯಾಮ — ಎಲ್ಲ ಮಾಡಿ ಮುಗಿದಿದೆ, ಗುಣವಿಲ್ಲ. "ಮಗು ಬರೋ ದಾರಿಯ ಬಾಗಿಲಲ್ಲಿರೋ ಚರ್ಮ ಒಂದು ಚೂರು ತೆಗಿತೀನಿ, ಅಷ್ಟೆ. ಒಳಗಿಂದೇನೂ ಮುಟ್ಟಲ್ಲ. ಮಗು ಆಗೋಕೆ ತೊಂದರೆ ಇಲ್ಲಮ್ಮ."

ಬಾಗಿಲು! ಆ ಮಾತು ಹಿಡಿಸಿತು. ಆಪರೇಷನ್ನಿಗೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿದೆ. ಏಳನೇ ಕ್ಲಾಸಿಗೇ ಬಿಟ್ಟವಳ ನಾಲಿಗೆಗೆ ಹತ್ತಲಿಲ್ಲ. "ಹೆಸರು ಹೋಗ್ಲಿ. ಎಲ್ಲಿ ಅಂತ ಬಾಯಿಬಿಟ್ಟು ಹೇಳೋದು ಕಲಿ" ಎಂದರು.

ಮಾರ್ಚ್ ೧೭, ಮಧ್ಯಾಹ್ನ

ಆಸ್ಪತ್ರೆಗೆ ಸೇರಿಕೊಂಡೆ. ಡಾಕ್ಟರ ಚೀಟಿ ನಮ್ಮವರ ಜೇಬಿನಲ್ಲಿ, ಅವರು ಗಾಡಿ ನಿಲ್ಲಿಸಲು ಹೋಗಿದ್ದರು. ಕೌಂಟರಿನ ಗಂಡಸು "ಯಾವ ಆಪರೇಷನ್ನಮ್ಮ?" ಎಂದು ಜೋರಾಗಿ ಕೇಳಿದ. ಬೆನ್ನ ಹಿಂದೆ ಸಾಲು. ಕೆಳಗಿಂದು ಎಂದೆ. ಕಂಪ್ಯೂಟರಿನಲ್ಲಿ ಟಕಟಕ ಒತ್ತಿದ. ಅವರು ಬರುವಷ್ಟರಲ್ಲಿ ಮುಗಿದಿತ್ತು.

ಸಂಜೆ

ಪಕ್ಕದ ಮಂಚದ ಅಜ್ಜಿಗೆ ಗರ್ಭಕೋಶ ತೆಗೆಯುತ್ತಾರಂತೆ. ಯಾವ ಆಪರೇಷನ್ ಅಜ್ಜಿ ಎಂದು ಕೇಳಿದ್ದಕ್ಕೆ, "ಇನ್ಯಾವುದು ತಾಯಿ, ಕೆಳಗಿನ ಆಪರೇಷನ್ನು. ಎಲ್ಲ ಕಿತ್ತು ಬಿಸಾಕಿದ್ರೆ ನೆಮ್ಮದಿ."

ಕೌಂಟರಿನಲ್ಲಿ ನಾನೂ ಅದನ್ನೇ ಅಂದದ್ದು.

ಹೇಳಿದ್ದಕ್ಕೆ ನಮ್ಮವರು, "ಡಾಕ್ಟರಿಗೆ ಗೊತ್ತಿರಲ್ವಾ? ಸುಮ್ನೆ ಮಲಗು" ಎಂದು ಹೋದರು.

ಮಾರ್ಚ್ ೧೮, ಬೆಳಿಗ್ಗೆ

ಗೌನ್ ಹಾಕಿ ಕೂರಿಸಿದ್ದಾರೆ. ದೊಡ್ಡ ಡಾಕ್ಟರಮ್ಮ ಬಂದಿಲ್ಲ. ಎಲ್ಲೋ ಅರ್ಜೆಂಟ್ ಕೇಸಂತೆ, ಬೇರೆಯವರು ಮಾಡುತ್ತಾರಂತೆ.

ಹೊಸ ನರ್ಸಕ್ಕ. "ಮಕ್ಕಳೆಷ್ಟು?"

ಇಲ್ಲ ಎಂದೆ.

ಕೈಯಲ್ಲಿದ್ದ ಪೇಪರ್ ನೋಡಿದರು. ನನ್ನ ಮುಖ ನೋಡಿದರು. "ಇನ್ಮೇಲೂ ಬೇಡ್ವಾ ಹಾಗಾದ್ರೆ?" ಯಾರೋ ಕರೆದರು, ಹೊರಟೇಹೋದರು. ಬಾಯಿ ಹೊಲಿದ ಹಾಗೆ ಕೂತಿದ್ದೆ ನಾನು.

ನಮ್ಮವರನ್ನು ಒಳಗೆ ಬಿಡುತ್ತಿಲ್ಲ. ಸ್ಟ್ರೆಚರಿನ ಚಕ್ರದ ಸದ್ದು. ಈ ಕಡೆಗೇ. ಬರೆದುಕೊಂಡು ಓದಿದರೆ ತೊದಲುವುದಿಲ್ಲ —

ಅಕ್ಕಾ, ನನಗೆ ಬಾಗಿಲ ಚರ್ಮ ಮಾತ್ರ. ಗರ್ಭಕೋಶ ಅಲ್ಲ. ನನ್ನ ಹೆಸರಿನ ಮುಂದೆ ಏನಂತ ಇದೆ, ಇನ್ನೊಂದು ಸಲ ನೋಡಿ