ಬರಿಗೊರಳಿನ ಗೊಂಬೆ

ರಾಯದುರ್ಗ
೧೨-೬-೨೦೧೧

ಅಣ್ಣ ಬೋರಯ್ಯನಿಗೆ ತಂಗಿ ದುರುಗಕ್ಕ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಮಂಡಿನೋವು ಹೇಗಿದೆ? ಹದಿನೈದು ದಿನದಿಂದ ಒಂದು ಸಾಲೂ ಬರೆಯಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಯೂನಿಟ್ಟಿಗೆ ಜೀನ್ಸ್ ಪ್ಯಾಂಟಿನ ದೊಡ್ಡ ಆರ್ಡರ್ ಬಂದಿತ್ತು, ಜೇಬು ಹೊಲಿದು ಹೊಲಿದು ಬೆರಳು ಮರಗಟ್ಟಿದ್ದವು. ಅದು ನೆಪ ಬಿಡು. ನಿಜ ಹೇಳಬೇಕೆಂದರೆ ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ.

ನಿನ್ನ ಮಗ ಜಗದೀಶ್ ಕಣೇಕಲ್ಲಿನಿಂದ ಬಸ್ಸಿನಲ್ಲಿ ನನ್ನ ತೊಗಲುಗೊಂಬೆಯನ್ನು ವಾಪಸು ತಂದುಕೊಟ್ಟ. ಸುತ್ತಿದ್ದ ಪೇಪರ್ ಬಿಚ್ಚಿದವಳಿಗೆ ತಲೆ ಕೆಟ್ಟುಹೋಯಿತು. ನಾನು ಕಣ್ಣು ಕೊರೆದುಕೊಡು ಎಂದಷ್ಟೇ ಕೇಳಿದ್ದೆ. ನಮ್ಮ ಮನೆಯಲ್ಲಿ ಗೊಂಬೆಯ ಕಣ್ಣನ್ನು ಕೊನೆಗೆ ಹಿರಿಯ ಗಂಡಸೇ ಕೊರೆಯಬೇಕಲ್ಲ, ಆ ಪದ್ಧತಿ ಮೀರಬಾರದೆಂದು ಕಳಿಸಿದೆ. ಬುದ್ಧಿಗೇಡಿ ನಾನೇ. ನೀನು ಕಣ್ಣಿನ ಜೊತೆಗೆ ಕೊರಳಿಗೆ ಮೂರೆಳೆ ಸರ, ಕಿವಿಗೆ ಜುಮುಕಿ, ಮೂಗಿಗೆ ನತ್ತು, ಸೊಂಟಕ್ಕೆ ಡಾಬು ಎಲ್ಲ ಕೊರೆದು ಕಳಿಸಿದ್ದೀಯ. ನಾನು ಕೊರೆದಿದ್ದ, ಒಂದು ಮಂಡಿ ಎತ್ತಿ ಕುಳಿತ ಮುದುಕಿ ಈಗ ಸ್ವಯಂವರಕ್ಕೆ ಹೊರಟವಳ ಹಾಗಿದ್ದಾಳೆ.

"ಕೊಳ್ಳಾಗ ಏನೂ ಇಲ್ಲದ ಗೊಂಬಿ ಯಾರು ನೋಡ್ತಾರ, ಅದಕ್ಕ ಒಂದೀಟು ಚೆಂದ ಮಾಡೀನಿ ಅಂತ ಅಪ್ಪ ಅಂದ" ಎಂದ ಜಗದೀಶ್. ನನ್ನ ಮುಖ ನೋಡಿ, "ಅತ್ತಿ, ಸಿಟ್ಟಾಗಬ್ಯಾಡ್ರಿ" ಎಂದೂ ಸೇರಿಸಿದ. ಪಾಪ, ಅವನದೇನು ತಪ್ಪು.

ತೊಗಲಿಗೆ ಒಮ್ಮೆ ತೂತು ಬಿದ್ದರೆ ಮುಚ್ಚಲಾಗುವುದಿಲ್ಲ ಎಂದು ನಿನಗೆ ನಾನು ಹೇಳಿಕೊಡಬೇಕೆ? ಪ್ಯಾಂಟಾಗಿದ್ದರೆ ಹೊಲಿಗೆ ಬಿಚ್ಚುತ್ತಿದ್ದೆ.

ಗಂಡಸರು ಕೊರೆಯಬೇಕು, ಹೆಂಗಸರು ಬಣ್ಣ ತುಂಬಬೇಕು ಎಂಬುದನ್ನು ಐವತ್ತಮೂರು ವರ್ಷ ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡಿದ್ದೆ. ಹೋದ ವರ್ಷ ಕರೆಂಟಿಲ್ಲದೆ ಯೂನಿಟ್ಟು ನಿಂತ ದಿನಗಳಲ್ಲಿ ಅಪ್ಪನ ಹಳೆಯ ಉಳಿ ಹಿಡಿದೆ. "ಈ ವಯಸ್ಸಿನಾಗ ನಿನಗ್ಯಾಕ ಬೇಕವ್ವ ಇದು?" ಎಂದು ನೀನು ನಕ್ಕೆ. ಮೂರು ತೊಗಲು ಹಾಳು ಮಾಡಿ ನಾಲ್ಕನೆಯದರಲ್ಲಿ ಈ ಮುದುಕಿ ಬಂದಳು. ಅಪ್ಪನ ಗೊಂಬೆಗಳ ಹಾಗೂ ಇರಲಿಲ್ಲ, ನಿನ್ನವುಗಳ ಹಾಗೂ ಇರಲಿಲ್ಲ. ಪಕ್ಕದ ಮಿಷನ್ನಿನ ವಾಣಿಶ್ರೀ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅಕ್ಕ, ಕಣ್ಣಿಲ್ಲದಿದ್ರೂ ನನ್ನೇ ನೋಡಿದಂಗ ಐತ್ರಿ" ಎಂದಳು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಇದೇ ಇಪ್ಪತ್ತೈದಕ್ಕೆ ಅನಂತಪುರದಲ್ಲಿ ಗೊಂಬೆಗಳ ಪ್ರದರ್ಶನ. ಮೊದಲ ಸಲ ನನ್ನ ಹೆಸರು ಬರೆಸಿದ್ದೇನೆ, ಬೋರಯ್ಯನ ತಂಗಿ ಎಂದಲ್ಲ. ನಿನ್ನ ಡಾಬಿನ ಗೊಂಬೆಯನ್ನು ಒಯ್ಯುವುದಿಲ್ಲ. ಹೊಸ ತೊಗಲು ನೆನೆಹಾಕಿದ್ದೇನೆ. ಈ ಸಲ ಕಣ್ಣನ್ನೂ ನಾನೇ ಕೊರೆಯುತ್ತೇನೆ. ಅದರಿಂದ ಕೇಡಾಗುವುದಾದರೆ ನನ್ನ ತಲೆಗೇ ಬರಲಿ.

ಅತ್ತಿಗೆಗೆ ನಮಸ್ಕಾರ, ಮೊಮ್ಮಕ್ಕಳು ನೂರು ಕಾಲ ಬಾಳಲಿ. ಮಂಡಿಗೆ ಎಣ್ಣೆ ತಿಕ್ಕಿಸಿಕೋ, ಅದೊಂದರಲ್ಲಾದರೂ ನನ್ನ ಮಾತು ಕೇಳು.

ಇಂತಿ ನಿನ್ನ ತಂಗಿ,
ದುರುಗಕ್ಕ

ತಾ.ಕ.: ಆ ಮುದುಕಿ ಯಾರು ಎಂದು ನೀನು ಕೇಳಲೂ ಇಲ್ಲ. ಅವಳು ಅವ್ವ ಕಣಣ್ಣ. ನಮ್ಮ ಅವ್ವ. ಮೂವತ್ತು ವರ್ಷ ನೀನು ಕೊರೆದುಕೊಟ್ಟ ಗೊಂಬೆಗಳಿಗೆಲ್ಲ ನಿನ್ನ ಎದುರಿಗೇ ಕುಳಿತು ಬಣ್ಣ ತುಂಬಿದವಳು. ಅಪ್ಪ ಹೋದ ಮೇಲೆ ಸಾಯುವವರೆಗೂ ಅವಳ ಕೊರಳು ಹಾಗೇ ಬರಿದಾಗಿತ್ತು. ನೀನು ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲವೇ?