ಗಿಡ್ಡಮ್ಮನ ಅವರೆಗೆ ಕತ್ತಲೆ ಬೇಕು

೧೪ ಡಿಸೆಂಬರ್ ೨೦೨೪, ಶನಿವಾರ. ಹಳೇಬೀಡು–ಮಾದಿಹಳ್ಳಿ ರಸ್ತೆಯ ಒಂದು ತಿರುವು. ದೀಪದ ಕಂಬ ಒಂದು, ಹೂ ಬಿಡದ ಅವರೆ ಹೊಲ ಒಂದು.

ಬೀದಿದೀಪಗಳ ಹೊಣೆ ಹೊತ್ತ ಮಾನ್ಯರೇ,

ನಿಮ್ಮ ದೀಪ ಕಂಬದ ಪಕ್ಕದ ಹೊಲದ ಗಿಡ್ಡಮ್ಮನವರ ಅವರೆಯನ್ನು ಹೂ ಬಿಡದಂತೆ ತಡೆದಿದೆ. ಆ ದೀಪವನ್ನು ಕೇಳಿ ಪಡೆದವಳು ನಾನು. ಬೇಲೂರಿನಲ್ಲಿ ಕೆಲಸ ಮುಗಿಸಿ ಸಂಜೆ ಬಸ್ಸಿಳಿದರೆ ಇಲ್ಲಿ ಕತ್ತಲೆ. ಅದಕ್ಕೇ ಅರ್ಜಿ ಬರೆದೆ. ‘ಕಂಬದ ಪಕ್ಕ ಬರೀ ಹೊಲ, ಯಾರಿಗೂ ತೊಂದರೆಯಿಲ್ಲ’ ಎಂಬ ವಾಕ್ಯ ನನ್ನದೇ. ಹೊಲದವರನ್ನು ನಾನು ಕೇಳಿರಲಿಲ್ಲ. ನೀವೂ ಕೇಳಲಿಲ್ಲ. ಸರ್ಕಾರಿ ಕೆಲಸ ಇಷ್ಟು ಬೇಗ ಆಯಿತಲ್ಲ ಎಂದು ಹೆಮ್ಮೆಪಟ್ಟೆ.

ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಹಾಕಿದ ಅವರೆ ಆಳೆತ್ತರ ಹಬ್ಬಿತು, ಕಾರ್ತಿಕ ಮುಗಿಯುತ್ತ ಬಂದರೂ ಹೂ ಕಟ್ಟಲಿಲ್ಲ. “ಇದಕ್ಕೆ ಹೊಟ್ಟೆ ತುಂಬೈತೆ ಕಣವ್ವ, ಮಕ್ಳು ಬ್ಯಾಡ ಅಂತೈತೆ,” ಎಂದು ಗಿಡ್ಡಮ್ಮ ನಕ್ಕರು. “ನೀನು ಓದಿದೋಳು, ಏನಾಗೈತೆ ಹೇಳು.” ಬೀಜ ಕೆಟ್ಟಿರಬೇಕು ಎಂದೆ. ಗೊತ್ತಿಲ್ಲ ಎನ್ನಬಹುದಿತ್ತು. ತಾಯಿಯ ಕಾಲದಿಂದ ಬೂದಿ ಬೆರೆಸಿ ಮಡಕೆಯಲ್ಲಿ ಉಳಿಸಿಕೊಂಡು ಬಂದ ಬೀಜ ಅದು. ಮಾರನೆಯ ದಿನ ಮಡಕೆಯಲ್ಲಿ ಮಿಕ್ಕ ಬೀಜವನ್ನೆಲ್ಲ ನೆನೆಹಾಕಿ ಸಾರು ಮಾಡಿ ನನಗೂ ಒಂದು ಬಟ್ಟಲು ತಂದರು. ಉಂಡೆ. ರುಚಿಯಾಗಿತ್ತು.

ವಾರ ಕಳೆದ ಮೇಲೆ ನೋಡಿದೆ: ಅದೇ ಹೊಲದ ಪಂಪ್‌ಹೌಸಿನ ಹಿಂದೆ, ದೀಪದ ಬೆಳಕಿಗೆ ಗೋಡೆ ಅಡ್ಡವಾಗುವಷ್ಟೇ ಜಾಗದಲ್ಲಿ, ಹನ್ನೊಂದು ಗಿಡ ಕಾಯಿ ಕಚ್ಚಿ ನಿಂತಿವೆ. ಅದೇ ಬೀಜ, ಅದೇ ಮಣ್ಣು, ಅದೇ ಚಳಿ. ಕೃಷಿ ಓದಿದ ಚನ್ನೇಶ್ ವಿವರಿಸಿದರು: ಈ ಹಳೆಯ ಅವರೆಯ ಎಲೆಗಳು ರಾತ್ರಿಯ ಉದ್ದವನ್ನು ಅಳೆಯುತ್ತವೆ, ಕತ್ತಲೆ ಸಾಕಷ್ಟು ಉದ್ದವಾದರೆ ಮಾತ್ರ ಹೂ. ಗಿಡ್ಡಮ್ಮನ ಹೊಲಕ್ಕೆ ಚಳಿ ಬಂದಿತ್ತು, ರಾತ್ರಿ ಬರಲೇ ಇಲ್ಲ.

ಇದನ್ನು ಹೇಳಲು ನಿಮ್ಮ ಕಚೇರಿಗೆ ಬಂದರೆ ಮೇಜಿನ ಹಿಂದಿದ್ದವರು, “ಗಿಡಕ್ಕೇನು ನಿದ್ದೆ ಬರಲ್ವಂತಾ ಮೇಡಂ?” ಎಂದರು. ಹಗಲಲ್ಲೂ ದೀಪ ಆರಿಸಲು ಮರೆಯುವ ಕಚೇರಿಗೆ ಹಗಲು ರಾತ್ರಿಯ ವಿಷಯದಲ್ಲಿ ಒಂದು ಎಲೆಗಿಂತ ಹೆಚ್ಚು ತಿಳಿದಿದೆಯೇ? ನನಗಂತೂ ತಿಳಿದಿರಲಿಲ್ಲ. ತಿಳಿಯದೆ ನಾನು ಕೇಳಿದೆ, ತಿಳಿಯದೆ ನೀವು ಮಂಜೂರು ಮಾಡಿದಿರಿ.

ದೀಪ ತೆಗೆಯಿರಿ ಎನ್ನುತ್ತಿಲ್ಲ. ಮುಂದಿನ ಮುಂಗಾರಿನೊಳಗೆ ಹೊಲದ ಕಡೆಗೆ ಒಂದು ತಗಡಿನ ಮರೆ ಹಾಕಿಸಿ. ಇನ್ನು ಮೇಲೆ ಹೊಲದವರನ್ನು ಕೇಳದೆ ಕಂಬ ನೆಡಬೇಡಿ, ಅರ್ಜಿ ಎಷ್ಟೇ ಚೆನ್ನಾಗಿ ಬರೆದಿರಲಿ.

“ನಾಳೆ ಆ ಹನ್ನೊಂದು ಗಿಡದ ಕಾಯೂ ಕುಯ್ದುಬುಡ್ತೀನಿ, ನಿಂಗೂ ತತ್ತೀನಿ,” ಎಂದಿದ್ದಾರೆ ಗಿಡ್ಡಮ್ಮ. ಅರ್ಜಿ ನನ್ನದೆಂದು ಅವರಿಗೆ ಗೊತ್ತಿಲ್ಲ. ಅವರು ಹೊಲಕ್ಕೆ ಇಳಿಯುವ ಮೊದಲೇ ಹೋಗಿ ಅದನ್ನು ಹೇಳಿ, ಕಾಯನ್ನು ಬೀಜಕ್ಕೆ ಬಿಡಿ ಎಂದು ಬೇಡಿಕೊಳ್ಳಲು ತೀರ್ಮಾನಿಸಿದ್ದೇನೆ. ಇನ್ನೂ ಹೋಗಿಲ್ಲ.

ಇಂತಿ,
ನಿಮ್ಮ ಕಡತದ ಮೊದಲ ಸಹಿಯವಳು