ಮೂರನೇ ದಿನದ ಮಾತು

ಅರಕೇರಾ, ಮಾರ್ಚ್ ೧೯೮೩

ವಾಹಿದಾ ಸಿಸ್ಟರ್ ಅವರಿಗೆ,

ನೀವೀಗ ಮಾನ್ವಿಯಲ್ಲಿದ್ದೀರೆಂದು ಗೊತ್ತು. ಆದರೂ ಈ ಕಾಗದವನ್ನು ಅಂಚೆಗೆ ಹಾಕಲಾರೆ.

ಇವತ್ತು ರಾಯಚೂರಿನಲ್ಲಿ ಹೊಸ ಡಾಕ್ಟರೊಬ್ಬರಿಗೆ ಮಗನನ್ನು ತೋರಿಸಿದೆವು. ಅವನಿಗೀಗ ಒಂಬತ್ತು ವರ್ಷ; ಕತ್ತು ನಿಲ್ಲುವುದಿಲ್ಲ, ಕರೆದರೆ ಕೇಳಿಸುವುದಿಲ್ಲ. ಹುಟ್ಟಿದಾಗಿನ ಕಾಮಾಲೆ ಮಿದುಳಿಗೆ ಏರಿ ಹೀಗಾಗಿದೆ ಎಂದರು. "ಆಗ ಯಾರೂ ಹೇಳಲಿಲ್ಲೇನ್ರೀ?" ಎಂದು ಕೇಳಿದರು.

ನೀವು ಹೇಳಿದ್ದಿರಿ. ಮೂರನೇ ದಿನ ಮನೆಗೆ ಬಂದು, ಎರೆದು ಅರಿಶಿನ ಹಚ್ಚಿದ್ದ ಕೂಸನ್ನು ಬಾಗಿಲ ಬೆಳಕಿಗೆ ತಂದು, ಹಣೆ ಒರೆಸಿ, ಬೆರಳಿನಿಂದ ಒತ್ತಿ ನೋಡಿದಿರಿ. "ಇದು ಹಚ್ಚಿದ ಅರಿಶಿನ ಅಲ್ರೀ ಮಾಸ್ತರ, ಮೈಯಾಗಿನ ಹಳದಿ. ಇವತ್ತ ರಾಯಚೂರಿಗೆ ಒಯ್ರಿ" ಎಂದಿರಿ. ಹೇಳಿದ್ದು ನನ್ನೊಬ್ಬನಿಗೆ, ಹೆಂಡತಿ ಆದೆಮ್ಮ ಒಳಗೆ ಮಲಗಿದ್ದಳು. ಐದನೇ ದಿನದ ಪೂಜೆಗೆ ಮುಂಚೆ ಕೂಸು ಹೊಸ್ತಿಲು ದಾಟಿದರೆ ಅವ್ವ ರಂಪ ಮಾಡುತ್ತಾಳೆಂದು ನಾನು ಆ ಮಾತನ್ನು ಯಾರಿಗೂ ತಿಳಿಸಲಿಲ್ಲ. ಪೂಜೆಯ ಹೊತ್ತಿಗೆ ಕೂಸು ಹಾಲು ಬಿಟ್ಟಿತ್ತು, ಬೆನ್ನು ಹಿಂದಕ್ಕೆ ಬಾಗುತ್ತಿತ್ತು.

ಇವತ್ತು ನಾನು ಬಾಯಿ ತೆರೆಯುವ ಮೊದಲೇ ಆದೆಮ್ಮ ಅಂದಳು: "ಯಾರರ ಒಂದ್ ಮಾತ್ ಅಂದಿದ್ರ ಎತ್ಗೊಂಡು ಓಡಿ ಬರ್ತಿದ್ನೆಲ್ರೀ ಯಪ್ಪಾ. ಆ ನರ್ಸಮ್ಮ ಬಂದ್ಳು, ನೋಡಿದ್ಳು, ಚಾ ಕುಡದು ಹೋದ್ಳು."

"ಹಂಗೇನ್ರೀ?" ಎಂದು ಡಾಕ್ಟರು ನನ್ನ ಕಡೆ ತಿರುಗಿದರು.

ಹೌದೆಂದು ತಲೆಯಾಡಿಸಿದೆ.

ಅವತ್ತು ನಮ್ಮ ಮನೆಯಲ್ಲಿ ನಿಮಗೆ ಯಾರೂ ಚಹಾ ಕೂಡ ಕೊಟ್ಟಿರಲಿಲ್ಲ. ಅದನ್ನೂ ನಾನು ಹೇಳಲಿಲ್ಲ.